ಶಕ್ತಿಯ ಗುಳಿಗೆ

ಆ ಮಕ್ಕಳ ಮನೆಯಲ್ಲಿ ಊಟಕ್ಕೆ ಒಂದು ನಿಯಮವಿತ್ತು. ತಟ್ಟೆಗೆ ಬಡಿಸಿದ್ದರಲ್ಲಿ ಮೊದಲ ತುತ್ತನ್ನು ಪಕ್ಕದಲ್ಲಿ ಕುಳಿತವರಿಗೆ ಕೊಟ್ಟು, ಆಮೇಲೆ ತಾವು ತಿನ್ನಬೇಕು. ಏಡ್ಸ್‌ನಿಂದ ತಂದೆ ತಾಯಿ ತೀರಿಹೋದ ಮಕ್ಕಳಿಗಾಗಿ ಚರ್ಚಿನವರು ಧಾರವಾಡದ ಹೊರವಲಯದಲ್ಲಿ ನಡೆಸುತ್ತಿದ್ದ ಮನೆ ಅದು. ನೋಡಿಕೊಳ್ಳುತ್ತಿದ್ದ ಸಿಸ್ಟರ್ ಕರಾವಳಿಯ ಕಡೆಯವರು, ನಿಯಮವೂ ಅವರದೇ. “ಈ ಮಕ್ಕಳ ಜೊತೆ ಊಟ ಮಾಡಲಿಕ್ಕೆ ಜನ ಹೆದರುತ್ತಾರೆ. ಇವರ ಕೈಯಿಂದ ತಿಂದೇ ಆ ಹೆದರಿಕೆ ಹೋಗಬೇಕು” ಎನ್ನುತ್ತಿದ್ದರು. ಒಂದು ಮಗುವಿನ ಖರ್ಚು ವಹಿಸಿಕೊಂಡವರು ತಿಂಗಳಿಗೊಂದು ಭಾನುವಾರ ಬಂದು ಆ ಮಗುವಿನ ಪಕ್ಕದಲ್ಲಿ ಕೂತು ಉಣ್ಣಲೇಬೇಕಿತ್ತು. ಚೆಕ್ ಕಳಿಸಿ ಕೈತೊಳೆದುಕೊಳ್ಳುವವರನ್ನು ಅವರು ಹತ್ತಿರ ಸೇರಿಸುತ್ತಿರಲಿಲ್ಲ.

ನಾನು ಹುಬ್ಬಳ್ಳಿಯ ವಿದ್ಯಾನಗರದವಳು. ಮೂವತ್ತು ವರ್ಷ ಹೈಸ್ಕೂಲಿನಲ್ಲಿ ಗಣಿತ ಕಲಿಸಿ ನಿವೃತ್ತಳಾದವಳು. ಕೊರಳಲ್ಲಿ ಲಿಂಗ ಕಟ್ಟಿಕೊಂಡು ಚರ್ಚಿನ ಮಕ್ಕಳ ಮನೆಗೆ ಹೋಗಿ ಬರುವುದು ನಮ್ಮ ಓಣಿಯವರಿಗೆ ಆಡಿಕೊಳ್ಳಲು ಒಳ್ಳೆಯ ಸರಕಾಗಿತ್ತು. “ಹೆಸರು ಯಾವಾಗ ಬದಲಸ್ತೀರಿ ಟೀಚರ್?” ಎಂದು ಕಿರಾಣಿ ಅಂಗಡಿಯವರು ಒಮ್ಮೆ ಕೇಳಿದರು. “ನೀವು ಅಕ್ಕಿಯೊಳಗ ಹರಳು ಬೆರಸೋದು ಬಿಟ್ಟ ದಿನ” ಎಂದೆ. ನನ್ನ ನಾಲಿಗೆಯೇ ಹಾಗೆ. ಇದ್ದದ್ದನ್ನು ಇದ್ದ ಹಾಗೆ ಮುಖಕ್ಕೇ ಹೇಳುವವಳು ಎಂದು ಶಾಲೆಯಲ್ಲೂ ಹೆಸರಾಗಿದ್ದೆ. ಅದರ ಬಗ್ಗೆ ಒಳಗೊಳಗೇ ಜಂಬವೂ ಇತ್ತು.

ನನ್ನ ಪಾಲಿಗೆ ಬಂದ ಹುಡುಗಿ ಶಿರಗುಪ್ಪಿಯವಳು. ಅಪ್ಪ ಅವ್ವ ಇಬ್ಬರೂ ಅವಳಿಗೆ ಬುದ್ಧಿ ಬರುವ ಮೊದಲೇ ಹೋಗಿದ್ದರು. ಆರು ವರ್ಷದವರೆಗೆ ಸಾಕಿದವಳು ಅವ್ವನ ತಾಯಿ. ಆ ಅಜ್ಜಿಯನ್ನು ಅವಳು ‘ಆಯಿ’ ಎಂದು ಕರೆಯುತ್ತಿದ್ದಳು. ಸೋಂಕು ಹುಟ್ಟಿನಿಂದಲೇ ಹುಡುಗಿಯ ಮೈಯಲ್ಲೂ ಇತ್ತು, ಆದರೆ ಆಯಿಗೆ ಅದು ಗೊತ್ತಿರಲಿಲ್ಲ. ಸಹಿ ಮಾಡಿ ಸೇರಿಸಿ ಹೋದ ಸೋದರಮಾವ ಸಿಸ್ಟರ್ ಮುಂದೆ ಕೈಮುಗಿದಿದ್ದನಂತೆ. “ಮಗಳನ್ನ ಕಳಕೊಂಡಾಳ್ರಿ. ಇದನ್ನೂ ಹೇಳಿದ್ರ ಮುದುಕಿ ಉಳಿಯೂದಿಲ್ಲ” ಎಂದಿದ್ದನಂತೆ.

ಮೊದಲ ಭಾನುವಾರ ಆ ಹುಡುಗಿ ನನ್ನ ಬಾಯಿಗೆ ಹಿಡಿದದ್ದು ಅನ್ನ ಸಾರು. ಕೈ ಇಷ್ಟೇ ಇಷ್ಟು. ಬಾಯಿ ತೆರೆಯುವ ಮೊದಲು ನಾನು ಒಂದು ಕ್ಷಣ ತಡೆದೆ. ಓದಿದವಳು ನಾನು, ಅನ್ನದಿಂದ ಏನೂ ಬರುವುದಿಲ್ಲ ಎಂದು ಗೊತ್ತಿದ್ದೂ ತಡೆದೆ. ಅವಳು ಕೈ ಹಿಂದಕ್ಕೆ ತೆಗೆಯಲಿಲ್ಲ, ಸುಮ್ಮನೆ ಕಾದಳು. ಆ ನಾಚಿಕೆ ನನಗೆ ಇಂದಿಗೂ ಇದೆ. ಅದಾದ ಮೇಲೆ ನಾಲ್ಕು ವರ್ಷ ನಾನು ಒಂದು ಭಾನುವಾರವನ್ನೂ ತಪ್ಪಿಸಲಿಲ್ಲ. ತಿಂಗಳಿಗೊಂದು ಎಂದಿದ್ದದ್ದು ವಾರಕ್ಕೊಂದಾಯಿತು. ಭಾಗಾಕಾರ ಎಂದರೆ ಅವಳಿಗೆ ಆಗುತ್ತಿರಲಿಲ್ಲ. ಬೈದರೆ ನಗುತ್ತಿದ್ದಳು, ನಗುವುದಕ್ಕೆ ಇನ್ನೂ ಬೈಯುತ್ತಿದ್ದೆ. ಮಕ್ಕಳಿಲ್ಲದ ನನಗೆ ಆ ಹುಡುಗಿಯ ಮೇಲೆ ಜೀವ ಬಿದ್ದಿತ್ತು ಎಂದು ಈಗ ಹೇಳಲು ಸಂಕೋಚವಿಲ್ಲ.

ಅವಳಿಗೆ ಬೆಳಿಗ್ಗೆ ಒಂದು, ಸಂಜೆ ಒಂದು ಗುಳಿಗೆ. ಆ ಮನೆಯಲ್ಲಿ ಸೋಂಕಿಲ್ಲದ ಮಕ್ಕಳೂ ಇದ್ದರು. ತನಗೆ ಹತ್ತು ತುಂಬಿದ ವರ್ಷ ಒಂದು ದಿನ ಹುಡುಗಿ ಜಗಲಿಯ ಮೇಲೆ ಲೆಕ್ಕ ಬಿಡಿಸುತ್ತ ಕೇಳಿದಳು.

“ಟೀಚರ್, ಎಲ್ಲಾರೂ ಗುಳಿಗಿ ತಗೊಳ್ಳೂದಿಲ್ಲ. ನನಗಷ್ಟ ಯಾಕ್ರಿ?”

“ಅವು ಶಕ್ತಿ ಗುಳಿಗಿ. ನೀ ಸಣಕಲಿ ಅದೀಯಲ್ಲ, ಅದಕ್ಕ” ಎಂದುಬಿಟ್ಟೆ.

ಯೋಚಿಸಿ ಹೇಳಿದ ಮಾತಲ್ಲ, ಬಾಯಿಗೆ ಬಂದದ್ದು. ಅವಳು ನಂಬಿದಳು, ಯಾಕೆಂದರೆ ಹೇಳಿದವಳು ನಾನು. ಸಿಸ್ಟರ್‌ಗೆ ತಿಳಿದಾಗ ಅವರ ಮುಖ ಗಂಟಿಕ್ಕಿತು. ವಯಸ್ಸಿಗೆ ತಕ್ಕಂತೆ, ಸಲಹೆ ಕೊಡುವವರನ್ನು ಕೂರಿಸಿಕೊಂಡು, ನಿಧಾನವಾಗಿ ನಿಜ ಹೇಳಬೇಕೆಂದು ಅವರ ಮನಸ್ಸಿನಲ್ಲಿತ್ತು. “ಆಕಿ ಸಾಲ್ಯಾಗ ಬಾಯಿ ಬಿಟ್ರ ಯಾರೂ ಬಾಜೂಕ ಕೂಡೂದಿಲ್ಲ, ಇನ್ನೊಂದು ವರ್ಷ ತಡೀರಿ” ಎಂದು ನಾನೇ ವಾದಿಸಿದೆ. ಜೋರಾಗಿ ವಾದಿಸಿದೆ. ಅವರು ಸೋತರು.

ಆ ಬೇಸಿಗೆಯಲ್ಲಿ ಆಯಿ ಮೊಮ್ಮಗಳನ್ನು ಕರೆದೊಯ್ಯಲು ಬಂದಳು. ಶಾಲೆಗೆ ಎರಡು ತಿಂಗಳ ರಜೆ. ಊರಲ್ಲಿ ಓದು ಬಲ್ಲವರು ಯಾರಾದರೂ ನೋಡಿಯಾರೆಂದು ಗುಳಿಗೆ ಡಬ್ಬಿಗಳ ಮೇಲಿನ ಚೀಟಿಯನ್ನು ನಾನೇ ನೀರಿನಲ್ಲಿ ನೆನೆಸಿ, ಉಗುರಿನಿಂದ ಕೆರೆದು ತೆಗೆದೆ. ಸಿಸ್ಟರ್ ಗುಳಿಗೆ ಎಣಿಸಿ ಹಾಕಿಕೊಟ್ಟರು. ಒಂದೂ ತಪ್ಪಿಸಬಾರದು ಎಂದು ಹುಡುಗಿಗೆ ಮೂರು ಸಲ ಹೇಳಿದರು. ಹುಡುಗಿ ಹೂಂ ಎಂದಳು.

ತಿರುಗಿ ಬಂದಾಗ ಡಬ್ಬಿಗಳಲ್ಲಿ ಉಳಿದ ಗುಳಿಗೆ ಲೆಕ್ಕಕ್ಕೆ ಸರಿಯಾಗಿತ್ತು. ಒಂದು ಹೆಚ್ಚಿಲ್ಲ, ಒಂದು ಕಡಿಮೆಯಿಲ್ಲ. ನೋಡಿ, ಎಷ್ಟು ಜಾಣೆ ಎಂದು ನಾನು ಸಿಸ್ಟರ್ ಮುಂದೆ ಹೆಮ್ಮೆಪಟ್ಟೆ. ಹುಡುಗಿ ಸ್ವಲ್ಪ ಇಳಿದಿದ್ದಳು, ಬಿಸಿಲಿಗೆ ಎಂದುಕೊಂಡೆವು.

ಮಳೆಗಾಲ ಹಿಡಿದ ಮೇಲೆ ಜ್ವರ ಶುರುವಾಯಿತು, ಆಮೇಲೆ ಕೆಮ್ಮು. ಹುಬ್ಬಳ್ಳಿಯ ಆಸ್ಪತ್ರೆಗೆ ಸೇರಿಸಿದೆವು. ರಕ್ತ ಪರೀಕ್ಷೆ ನೋಡಿದ ಡಾಕ್ಟರರು ಔಷಧಿ ತಪ್ಪಿದೆ ಎಂದರು. ಸಾಧ್ಯವೇ ಇಲ್ಲ, ಎಣಿಸಿ ನೋಡಿದ್ದೇವೆ ಎಂದು ನಾನು ಅವರ ಮೇಲೇ ಏರಿ ಹೋದೆ.

ಮಾರನೇ ದಿನ ಆಯಿ ಬಂದಳು. ರೊಟ್ಟಿಯ ಗಂಟು ಬಿಚ್ಚುತ್ತ, ಮೊಮ್ಮಗಳ ಗುಣ ಹೊಗಳುತ್ತ ತಾನಾಗಿಯೇ ಹೇಳಿದಳು.

“ಏನ್ ಹೇಳ್ಲಿರಿ ಇದರ ಅಂತಃಕರಣ. ಬ್ಯಾಸಗ್ಯಾಗ ದಿನಾ ಸಂಜಿ ಗುಳಿಗಿ ನನಗ ಕೊಡತಿತ್ತು. ನಿನಗ ಶಕ್ತಿ ಇಲ್ಲ ಆಯಿ, ನೀ ತಗೋ, ನನಗ ಮುಂಜಾನಿದು ಸಾಕು ಅಂತಿತ್ತು. ಬ್ಯಾಡಂದ್ರ ಕೇಳ್ಲಿಲ್ಲ. ಬಾಜೂಕ ಇದ್ದಾವ್ರಿಗೆ ಕೊಡಲಾರದ ತಿನ್ನಬಾರದಂತ.”

ನನ್ನ ಕೈಯಲ್ಲಿ ರೊಟ್ಟಿಯ ತುಂಡಿತ್ತು, ಅದನ್ನು ಬಾಯಿಗಿಡಲಾಗಲಿಲ್ಲ. ಸಿಸ್ಟರ್ ಕಲಿಸಿದ್ದು ಒಳ್ಳೆಯದೇ, ಹುಡುಗಿ ಮಾಡಿದ್ದೂ ಒಳ್ಳೆಯದೇ. ನಡುವೆ ಕೆಟ್ಟದ್ದು ಒಂದೇ, ಅದು ನಾನು ಹೇಳಿದ ಮಾತು. ಅರ್ಧ ಔಷಧಿಯಲ್ಲಿ ಎರಡು ತಿಂಗಳು ಕಳೆದರೆ ರೋಗ ಆ ಔಷಧಿಗೆ ಜಗ್ಗದಂತಾಗುತ್ತದೆ ಎಂದು ಡಾಕ್ಟರರು ಆಮೇಲೆ ನನಗೆ ತಿಳಿಸಿ ಹೇಳಿದರು. ಬೇರೆ ಔಷಧಿ ಹಿಡಿಸಿದರು. ಆದರೆ ಅಷ್ಟರಲ್ಲಿ, ಮೈ ಸೋತ ಹೊತ್ತಿನಲ್ಲಿ ಹಿಡಿದಿದ್ದ ಕ್ಷಯ ಮೆದುಳಿಗೆ ಏರಿತ್ತು.

ನಿಜ ಹೇಳಿದವರು ಸಿಸ್ಟರ್. ಒಂದು ಮಧ್ಯಾಹ್ನ ಹುಡುಗಿಗೆ ಎಚ್ಚರ ಚೆನ್ನಾಗಿದ್ದಾಗ ಹಾಸಿಗೆಯ ಪಕ್ಕ ಕೂತು, ಅವಳ ಕೈ ಹಿಡಿದು, ಎಲ್ಲವನ್ನೂ ಹೇಳಿದರು. ನಾನು ಕಾಲ ಬಳಿ ನಿಂತಿದ್ದೆ. ಅವಳು ಅಳಲಿಲ್ಲ. ನನ್ನ ಕಡೆ ನೋಡಿ, “ಹಂಗಾದ್ರ ಆಯಿಗೆ ಏನರ ಆಗ್ತೈತೇನ್ರಿ, ನನ್ನ ಗುಳಿಗಿ ತಿಂದದ್ದಕ್ಕ?” ಎಂದು ಕೇಳಿದಳು.

“ಏನೂ ಆಗೂದಿಲ್ಲ. ಡಾಕ್ಟರನ್ನ ಕೇಳೇನಿ” ಎಂದೆ. ಅದು ನಿಜವಾಗಿತ್ತು.

“ಆಯಿಗೆ ಹೇಳಬ್ಯಾಡ್ರಿ ಟೀಚರ್. ಅಳ್ತಾಳ.”

ಹೂಂ ಎಂದೆ. ನನ್ನನ್ನು ಬೈದಿದ್ದರೆ, ಯಾಕೆ ಸುಳ್ಳು ಹೇಳಿದಿರಿ ಎಂದು ಒಂದು ಮಾತು ಕೇಳಿದ್ದರೆ ಎಷ್ಟೋ ಹಗುರಾಗುತ್ತಿತ್ತು. ಅವಳಿಗೆ ಅದು ಹೊಳೆಯಲೇ ಇಲ್ಲ. ಆ ವಾರದಲ್ಲೇ ಹೋದಳು. ಸೋದರಮಾವ ಶಿರಗುಪ್ಪಿಗೆ ಒಯ್ದು ಹೊಲದ ಬದುವಿನಲ್ಲಿ ಮಣ್ಣು ಮಾಡಿದ. ಸಿಸ್ಟರ್ ಅಲ್ಲೇ ನಿಂತು ಮೆಲ್ಲಗೆ ಪ್ರಾರ್ಥನೆ ಮಾಡಿದರು, ಯಾರೂ ಬೇಡವೆನ್ನಲಿಲ್ಲ.

ತಿಂಗಳ ಮೇಲಾಗಿರಬೇಕು. ಆಯಿ ಒಬ್ಬಳೇ ಬಸ್ಸು ಹಿಡಿದು, ವಿಳಾಸ ಕೇಳುತ್ತ ಕೇಳುತ್ತ ನನ್ನ ಮನೆಗೆ ಬಂದಳು. ಒಳಗೆ ಬಾ ಎಂದರೂ ಬರಲಿಲ್ಲ, ಹೊಸ್ತಿಲ ಹೊರಗೇ ಕೂತಳು. ಚಹಾ ಆರಿತು. ಲೋಟ ಪಕ್ಕಕ್ಕೆ ಸರಿಸಿ ಕೇಳಿದಳು.

“ಟೀಚರಮ್ಮ, ನೀವು ಕಲತಾವ್ರು, ಖರೇ ಹೇಳ್ರಿ. ನನಗ ನಿದ್ದಿ ಹತ್ತವಲ್ದು. ಕೂಸಿನ ಪಾಲಿನ ಗುಳಿಗಿ ನಾ ತಿಂದದ್ದಕ್ಕ ಅದು ಹೋತೇನ್ರಿ?”

ಹೌದು ಎಂದರೆ ಮುದುಕಿ ಸಾಯುತ್ತಾಳೆ. ತಪ್ಪು ನಿನ್ನದಲ್ಲ, ನನ್ನದು ಎಂದರೂ ತಿಂದವಳು ತಾನೇ ಎಂಬುದು ಅವಳಿಗೆ ಉಳಿದೇ ಉಳಿಯುತ್ತದೆ, ಹಗುರಾಗುವವಳು ನಾನೊಬ್ಬಳೇ. ಇಷ್ಟನ್ನು ಯೋಚಿಸಲು ನನಗೆ ಹೊತ್ತು ಹಿಡಿಯಲಿಲ್ಲ.

“ಇಲ್ಲವ್ವ. ಅವು ಬರೇ ಶಕ್ತಿ ಗುಳಿಗಿ. ಅದಕ್ಕೂ ಇದಕ್ಕೂ ಸಂಬಂಧ ಇಲ್ಲ” ಎಂದೆ.

ಅವಳು ನನ್ನ ಮುಖವನ್ನೇ ನೋಡಿದಳು. ಆಮೇಲೆ ಸೆರಗಿನಿಂದ ಕಣ್ಣೊರೆಸಿಕೊಂಡು, “ನೀವು ಅಂದ್ರಿ, ಮುಗೀತ್ರಿ. ನೀವು ಸುಳ್ಳು ಹೇಳೂದಿಲ್ಲಂತ ಕೂಸು ಯಾವಾಗ್ಲೂ ಅಂತಿತ್ತು” ಎಂದಳು. ಎದ್ದವಳು ಬಗ್ಗಿ ನನ್ನ ಕಾಲು ಮುಟ್ಟಿದಳು. ನನಗಿಂತ ಹತ್ತು ವರ್ಷಕ್ಕಾದರೂ ದೊಡ್ಡವಳು. ನಾನು ತಡೆಯಲಿಲ್ಲ. ತಡೆದರೆ ಯಾಕೆಂದು ಹೇಳಬೇಕಾಗುತ್ತಿತ್ತು.