ಹನ್ನೊಂದನೇ ದಿನ ಸುಟ್ಟದ್ದು

ಎರಡನೇ ಸಲ ಬಸುರಾದಾಗ ನನಗೆ ಒಂದೇ ಹಟ. ಈ ಸಲ ಹೊಟ್ಟೆ ಕೊಯ್ಯಿಸಿಕೊಳ್ಳಬಾರದು, ನಾನೇ ಹೆರಬೇಕು. ಮೊದಲನೆಯವನು ಉಲ್ಟಾ ಕೂತಿದ್ದಾನೆಂದು ನೋವು ಬರುವ ಮೊದಲೇ ಸಿಸೇರಿಯನ್ ಮಾಡಿದ್ದರು. ಆಮೇಲೆ ಎಷ್ಟೋ ದಿನ ನೆಟ್ಟಗೆ ಎದ್ದು ನಿಲ್ಲಲಾಗಲಿಲ್ಲ. ಕೂಸಿನೊಂದಿಗೆ ಗಂಡನ ಮನೆಗೆ ಅಂಕೋಲೆಗೆ ಬಂದಾಗ ನೋಡಲು ಬಂದ ಕೇರಿಯ ಹೆಂಗಸರು, ಪುಣ್ಯವಂತೆ ಕಣೇ, ನೋವೇ ತಿನ್ನದೆ ತಾಯಿಯಾದೆ ಎಂದು ನಕ್ಕರು. ಮೈ ಉರಿಯಿತು. ನನಗೆ ಆ ನೋವು ಬೇಕಿತ್ತು. ಹುಚ್ಚು ಎಂದರೆ ಹುಚ್ಚೇ ಸರಿ.

ಕಾರವಾರದ ಡಾಕ್ಟರಮ್ಮ ಬೈಯಲಿಲ್ಲ. ಮೊದಲ ಸಲ ಗರ್ಭಕೋಶವನ್ನು ಕೆಳಗೆ ಅಡ್ಡಕ್ಕೆ ಕೊಯ್ದಿದ್ದರೆ ನೋವು ಬರುವವರೆಗೆ ಕಾಯಬಹುದು, ಉದ್ದಕ್ಕೆ ಕೊಯ್ದಿದ್ದರೆ ಹೊಲಿಗೆ ಬಿಟ್ಟು ಇಬ್ಬರ ಜೀವಕ್ಕೂ ಅಪಾಯ ಎಂದರು. ಹೊಟ್ಟೆಯ ಮೇಲಿನ ಗೆರೆ ನೋಡಿ ಒಳಗಿನದನ್ನು ಹೇಳಲಾಗದು, ಹಳೆಯ ಆಪರೇಷನ್ನಿನ ಕಾಗದ ತನ್ನಿ ಎಂದರು. ಅಷ್ಟೇ ತಾನೆ ಎಂದುಕೊಂಡೆ.

ಮೊದಲ ಬಾಣಂತನ ತವರಿನಲ್ಲಿ ಆಗಿತ್ತು. ಚೆಂಡಿಯಾ ಊರಿನ ಮನೆ, ಜಮೀನು ನೇವಿಯವರ ನೌಕಾನೆಲೆಗೆ ಹೋದ ಮೇಲೆ ಆಯಿ, ಅಂದರೆ ನನ್ನ ತಾಯಿ, ಪುನರ್ವಸತಿಯ ಮನೆಯಲ್ಲಿದ್ದಾಳೆ. ಅವಳಷ್ಟು ಕಾಗದ ಜೋಪಾನ ಮಾಡುವವರನ್ನು ನಾನು ಕಂಡಿಲ್ಲ. ಹೋದ ಜಮೀನಿನ ನಕ್ಷೆ, ನೋಟಿಸು, ಅಪ್ಪ ಬರೆದ ಅರ್ಜಿಗಳು, ಎಲ್ಲವೂ ಪ್ಲಾಸ್ಟಿಕ್ಕಿನಲ್ಲಿ ಸುತ್ತಿ ಟ್ರಂಕಿನಲ್ಲಿ ಭದ್ರ. ತಳದವರೆಗೆ ಹುಡುಕಿದೆ. ನನ್ನದು ಒಂದು ಚೀಟಿಯೂ ಇರಲಿಲ್ಲ.

"ಅದು ಸೂತಕದ್ದಲ್ವಾ ಮಗಾ," ಆಯಿ ಬಾಗಿಲಲ್ಲೇ ನಿಂತು ಹೇಳಿದಳು. "ಹನ್ನೊಂದನೇ ದಿನ ಚಾಪೆ, ಬಟ್ಟೆ, ಆಸ್ಪತ್ರೆ ಚೀಲ ಎಲ್ಲಾ ಒಟ್ಟಿಗೇ ಸುಟ್ಟೆ. ಒಳಗೆ ಇಡೂಕೆ ಬರೂದಿಲ್ಲ."

ನಮ್ಮ ಮನೆಯಲ್ಲಿ ಹೆರಿಗೆಯ ಸೂತಕ ಕಳೆಯುವ ದಿನ ನೆಲ ತೊಳೆದು, ಬಾಣಂತಿ ಬಳಸಿದ್ದನ್ನು ಹಿತ್ತಲಲ್ಲಿ ಸುಡುತ್ತಾರೆ. ಮನೆಯಲ್ಲೇ ಹೆರುತ್ತಿದ್ದ ಕಾಲದಲ್ಲಿ ಕಾಗದ ಎಲ್ಲಿತ್ತು? ಆಯಿ ಪದ್ಧತಿ ಬಿಡಲಿಲ್ಲ, ಚೀಲ ಬಿಚ್ಚಿ ನೋಡಲೂ ಇಲ್ಲ. ಆ ದಿನ ನಾನು ಒಳಗೇ ಮಲಗಿದ್ದೆ. ಹೊಗೆ ಬರುತ್ತಿದೆ, ಕಿಟಕಿ ಮುಚ್ಚಿ ಎಂದು ಕೂಗಿದ್ದೂ ನಾನೇ. ಅದು ನೆನಪಾದರೂ ಆಯಿಯ ಮೇಲೆ ಹರಿಹಾಯ್ದೆ. ಹೋದ ಜಮೀನಿನ ಕಾಗದ ಬೇಕು, ಇರುವ ಮಗಳದು ಬೇಡ ಅಲ್ಲವಾ ಎಂದು ಬಾಯಿಗೆ ಬಂದಂತೆ ಅಂದೆ. ಅವಳು ಸೆರಗಿನಲ್ಲಿ ಮೂಗು ಒರೆಸಿಕೊಂಡು ಚಹಾ ಇಡಲು ಹೋದಳು.

ಆಪರೇಷನ್ ಮಾಡಿದ್ದ ನರ್ಸಿಂಗ್ ಹೋಮ್ ಮುಚ್ಚಿಹೋಗಿತ್ತು. ಅಲ್ಲಿನ ಡಾಕ್ಟರು ಯಾವ ಊರಿಗೆ ಹೋದರೆಂದು ಯಾರಿಗೂ ತಿಳಿಯದು. ಡಾಕ್ಟರಮ್ಮ ಸಿಸೇರಿಯನ್ನಿಗೆ ದಿನ ಗೊತ್ತು ಮಾಡಿದರು.

ಅದಕ್ಕೆ ಎರಡು ದಿನ ಮೊದಲು, ಬೆಳಿಗ್ಗೆ ದೋಸೆ ಹುಯ್ಯುವಾಗ ನೋವು ಬಂತು. ಯಾರಿಗೂ ಹೇಳಲಿಲ್ಲ. ಅಡುಗೆ ಕಟ್ಟೆ ಹಿಡಿದು ನಿಂತು, ಬರಲಿ, ಇನ್ನೂ ಬರಲಿ ಎಂದುಕೊಂಡೆ. ಹೊಲಿಗೆ ಬಿಟ್ಟರೆ ಎಂದು ಜೀವ ಹೊಡೆದುಕೊಳ್ಳುತ್ತಿತ್ತು, ಆದರೂ ಬಾಯಿ ಬಿಡಲಿಲ್ಲ. ಮಧ್ಯಾಹ್ನ ಗಂಡನಿಗೆ ಗೊತ್ತಾಗಿ ಕಾರಿನಲ್ಲಿ ಕಾರವಾರಕ್ಕೆ ಕರೆದೊಯ್ದ. ಹೆರಿಗೆ ಅರ್ಧ ದಾರಿ ಬಂದಿದೆ ಎಂದರು ಡಾಕ್ಟರಮ್ಮ. ಇನ್ನೆರಡು ತಾಸು ಬಿಡಿ ಎಂದು ಕೈ ಮುಗಿದೆ. ಒಳಗೆ ಹೇಗಿದೆಯೋ ಗೊತ್ತಿಲ್ಲದ ಹೊಲಿಗೆಯನ್ನು ನಂಬಿ ಕೂರಲಾರೆ ಎಂದು ನನ್ನ ಕೈ ಹಿಡಿದೇ ಹೇಳಿದರು. ಆಪರೇಷನ್ ಕೋಣೆಯವರೆಗೂ ಅಳುತ್ತಲೇ ಹೋದೆ.

ಹೆಣ್ಣು ಮಗು, ಆರೋಗ್ಯವಾಗಿತ್ತು. ಅಷ್ಟು ಸಾಲದೇ ಎಂದು ಎಲ್ಲರೂ ಕೇಳಿದರು. ನನಗೆ ಸಾಲಲಿಲ್ಲ.

ಮೂರನೇ ದಿನ ಆಯಿ ಚಮಚದಲ್ಲಿ ಗಂಜಿ ಕುಡಿಸುತ್ತಿದ್ದಳು. ಡಾಕ್ಟರಮ್ಮ ಬಂದು ಗಾಯ ನೋಡಿ, ಹೋಗುವ ಮುನ್ನ ಅಂದರು: "ಒಳಗೆ ಹಳೇದು ಅಡ್ಡಕ್ಕೇ ಇತ್ತಮ್ಮ, ಗಟ್ಟಿಯಾಗೂ ಇತ್ತು. ಕಾಗದ ಸಿಕ್ಕಿದ್ರೆ ಕಾಯಬಹುದಿತ್ತು."

ಆಯಿಯ ಕೈ ಅಲ್ಲೇ ನಿಂತಿತು. ಚಮಚವನ್ನು ಬಟ್ಟಲಿಗೆ ಇಳಿಸಿ ಅವಳೆಂದಳು, "ಹಾಗಾದ್ರೆ ನಿನ್ನ ಕೊಯ್ಸಿದ್ದು ನಾನೇ."

ಹೋಗಲಿ ಬಿಡು ಆಯಿ ಎಂದರೆ ಮುಗಿಯುತ್ತಿತ್ತು. ನಾನು ಗೋಡೆಯ ಕಡೆ ಮುಖ ತಿರುಗಿಸಿದೆ. ಗಂಜಿ ಆರುವವರೆಗೂ ಅವಳು ಬಟ್ಟಲು ಹಿಡಿದು ಕೂತಿದ್ದಳು.

ಮಗಳಿಗೆ ಈಗ ನಾಲ್ಕು ವರ್ಷ. ಹೋಗಲಿ ಬಿಡು ಎಂಬ ಆ ಮಾತನ್ನು ನಾನಿನ್ನೂ ಹೇಳಿಲ್ಲ. ಆಯಿ ಅಂಕೋಲೆಗೆ ಬಂದಾಗಲೆಲ್ಲ ಮಗಳು ಓಡಿಹೋಗಿ ಎರಡೂ ಕೈ ಚಾಚುತ್ತಾಳೆ. ಎತ್ತಿಕೊಳ್ಳುವ ಮೊದಲು ಆಯಿ ನನ್ನ ಮುಖ ನೋಡುತ್ತಾಳೆ.