ಅಕ್ಕನಿಗೆ ನಾನು ಆರಿಸಿದ ಸೈಕಲ್ಲು

ನನ್ನ ಅಕ್ಕ ಸೈಕಲ್ ತುಳಿಯುವುದನ್ನು ಬಿಟ್ಟದ್ದು ಸಂಧಿವಾತದಿಂದಲ್ಲ, ನನ್ನಿಂದ. ಅವಳ ಕೈಗೆ, ಮಂಡಿಗೆ ಹೊಂದುವ ಸೈಕಲ್ ಯಾವುದೆಂದು ನನಗೆ ಗೊತ್ತಿತ್ತು. ಅಂಗಡಿಯವರು ಮುಟ್ಟಿ ತೋರಿಸಿ ಹೇಳಿದ್ದರು. ಗೊತ್ತಿದ್ದೂ ಅವಳಿಗೆ ನೋವು ಕೊಡುವಂಥದ್ದನ್ನೇ ಆರಿಸಿ ತಂದೆ. ಅವಳು ಮನೆಯಲ್ಲಿರಲಿ ಎಂದು — ನನ್ನ ಜೊತೆ ಇರಲಿ ಎಂದು.

ಅಕ್ಕನ ಹೆಸರು ಶಾರದಾ. ರೇಷ್ಮೆ ಇಲಾಖೆಯಲ್ಲಿ ಪ್ರದರ್ಶಕಿಯಾಗಿದ್ದಳು. ಹುಳು ಸಾಕುವವರ ಮನೆಗಳಿಗೆ ಹೋಗುವುದು, ತಟ್ಟೆಗಳಲ್ಲಿನ ಹುಳುಗಳನ್ನು ನೋಡುವುದು, ಸೊಪ್ಪು ಎಷ್ಟು ಹಾಕಬೇಕು, ರೋಗದ ಸುಳಿವೇನಾದರೂ ಇದೆಯೇ ಎಂದು ಹೇಳುವುದು — ಇದು ಕೆಲಸ. ಮದುವೆಯಾಗಲಿಲ್ಲ. ನಿವೃತ್ತಿಯಾದ ಮೇಲೂ ದಿಬ್ಬೂರಹಳ್ಳಿ ಕಡೆಯ ಹದಿನೇಳು ಮನೆಯವರು ಅವಳನ್ನು ಬಿಡಲಿಲ್ಲ, ಅವಳೂ ಅವರನ್ನು ಬಿಡಲಿಲ್ಲ. ಒಂದು ಹುಳುವನ್ನು ಅಂಗೈ ಮೇಲಿಟ್ಟುಕೊಂಡು ಎರಡು ನಿಮಿಷ ನೋಡಿದರೆ ಸಾಕು, ಈ ಬೆಳೆ ಉಳಿಯುತ್ತದೋ ಇಲ್ಲವೋ ಹೇಳುತ್ತಿದ್ದಳು. ಬೆಳಿಗ್ಗೆ ಏಳಕ್ಕೆ ಸೈಕಲ್ ಹತ್ತಿದರೆ ಶಿಡ್ಲಘಟ್ಟದ ನಮ್ಮ ಬಾಡಿಗೆ ಮನೆಗೆ ಹಿಂತಿರುಗುವಾಗ ಸಂಜೆಯಾಗುತ್ತಿತ್ತು.

ನನ್ನ ಗಂಡ ತೀರಿಕೊಂಡ ಮೇಲೆ ಗೌರಿಬಿದನೂರಿನ ಮನೆ ಬಿಟ್ಟು ನಾನು ಅವಳಲ್ಲಿಗೆ ಬಂದೆ. ಮಕ್ಕಳಿರಲಿಲ್ಲ. ‘ಇಬ್ಬರೇ ಇರೋಣ ಬಾರೆ’ ಎಂದು ಕರೆದವಳು ಅವಳೇ. ಆದರೆ ಬಂದ ಮೇಲೆ ತಿಳಿಯಿತು, ಇಬ್ಬರಿರುವುದು ಸಂಜೆ ಮಾತ್ರ. ಹಗಲೆಲ್ಲ ನಾನೊಬ್ಬಳೇ. ಇಬ್ಬರಿಗೆಂದು ಮಾಡಿದ ಸಾರು ಮಧ್ಯಾಹ್ನ ಒಬ್ಬಳೇ ಉಣ್ಣುತ್ತಿದ್ದೆ. ಸಂಜೆ ಅವಳು ಬಂದರೆ ಬಾಯಲ್ಲಿ ಬರುತ್ತಿದ್ದುದು ಆ ಮನೆಗಳ ಮಾತು — ಮುನಿರತ್ನಮ್ಮನ ಹುಳು ಮೂರನೇ ಜ್ವರಕ್ಕೆ, ಅಂದರೆ ಪೊರೆ ಬಿಡುವ ನಿದ್ದೆಗೆ, ಬಿದ್ದವಂತೆ, ಇನ್ಯಾರದೋ ಸೊಪ್ಪು ಬಲಿತುಹೋಗಿದೆಯಂತೆ. ನಾನು ಹೂಂ ಎನ್ನುತ್ತಿದ್ದೆ. ನನ್ನ ದಿನ ಹೇಗಿತ್ತು ಎಂದು ಅವಳು ಕೇಳುತ್ತಿರಲಿಲ್ಲ. ಕೇಳಿದ್ದರೆ ಹೇಳಲು ಏನಿತ್ತು — ಅದೂ ನನಗೆ ಗೊತ್ತಿಲ್ಲ.

ಅವಳ ಕೀಲುನೋವು ಮೊದಲೇ ಇತ್ತು. ಆ ವರ್ಷ ಹೆಚ್ಚಾಯಿತು. ಬೆಳಿಗ್ಗೆ ಎದ್ದಾಗ ಬೆರಳುಗಳನ್ನು ಮಡಚಲಾಗುತ್ತಿರಲಿಲ್ಲ. ಬಿಸಿನೀರಿನಲ್ಲಿ ಅರ್ಧ ಗಂಟೆ ಇಟ್ಟುಕೊಂಡ ಮೇಲೆ ಲೋಟ ಹಿಡಿಯುತ್ತಿದ್ದಳು. ಹಳೆಯ ಸೈಕಲ್ಲಿನ ಬ್ರೇಕು ಬಿಗಿ, ಹ್ಯಾಂಡಲ್ ತಗ್ಗು. ಒಂದು ವಾರ ಮಂಡಿ ಊದಿ ಹೊರಗೆ ಹೋಗಲಾಗದೆ ಕುಳಿತಿದ್ದಾಗ ಹೇಳಿದಳು: “ಚಿಕ್ಕಬಳ್ಳಾಪುರಕ್ಕೆ ಹೋಗಿ ಇನಾಯತ್ ಸಾಬರ ಅಂಗಡೀಲಿ ಒಂದು ಸೈಕಲ್ ನೋಡ್ಕೊಂಡು ಬಾರೆ ವನಜಾ. ನಂಗೆ ಆರಾಮಾಗಿರೋದು. ನನ್ನ ನೋವೆಲ್ಲ ನಿಂಗೆ ಗೊತ್ತಲ್ಲ, ನೀನೇ ಹೇಳು ಅವ್ರಿಗೆ.”

ನನ್ನ ನೋವೆಲ್ಲ ನಿನಗೆ ಗೊತ್ತಲ್ಲ — ಆ ಮಾತು ಇವತ್ತಿಗೂ ಕಿವಿಯಲ್ಲಿದೆ.

ಟೇಪು ಹಿಡಿದು ಅವಳ ಕಾಲಿನ ಅಳತೆ ತೆಗೆದುಕೊಂಡು ಬಸ್ಸು ಹತ್ತಿದೆ. ಹೋಗುವಾಗ ನನ್ನ ಮನಸ್ಸಿನಲ್ಲಿ ಕೆಟ್ಟದ್ದೇನೂ ಇರಲಿಲ್ಲ. ಇದು ನನ್ನ ಪರವಾಗಿ ಹೇಳುತ್ತಿರುವ ಮಾತಲ್ಲ. ಎಲ್ಲವೂ ಅಂಗಡಿಯಲ್ಲಿ, ಒಂದು ಗಂಟೆಯೊಳಗೆ ಆಯಿತು.

ಇನಾಯತ್ ಸಾಬರು ವಯಸ್ಸಾದವರು, ಮೃದು ಮಾತಿನವರು. ನಾನು ಹೇಳಿದ್ದನ್ನೆಲ್ಲ ಡಾಕ್ಟರರ ಹಾಗೆ ಕೇಳಿಸಿಕೊಂಡರು. ಎಲ್ಲೆಲ್ಲಿ ನೋವು, ಬೆಳಿಗ್ಗೆ ಹೆಚ್ಚೋ ಸಂಜೆ ಹೆಚ್ಚೋ, ದಿನಕ್ಕೆ ಎಷ್ಟು ದೂರ ಹೋಗುತ್ತಾರೆ, ದಾರಿಯಲ್ಲಿ ಏರು ಇದೆಯೇ. ಆಮೇಲೆ ಒಂದು ಬೂದು ಬಣ್ಣದ ಸೈಕಲ್ ಎಳೆದು ನಿಲ್ಲಿಸಿದರು.

“ನೋಡಿ ಅಮ್ಮ, ಇದ್ರಲ್ಲಿ ಮಧ್ಯದ ಕಂಬಿ ನೆಲದ ಹತ್ರ ಐತೆ. ಕಾಲು ಎತ್ತಿ ದಾಟಿಸೋದೇ ಬೇಡ, ಹಂಗೇ ಒಳಗೆ ಹೆಜ್ಜೆ ಇಟ್ರೆ ಆಯ್ತು. ಹ್ಯಾಂಡಲ್ ಮೇಲಕ್ಕೆ, ಎದೆ ಕಡೆ ಬಾಗೈತೆ. ಬೆನ್ನು ನೆಟ್ಟಗಿಟ್ಟು ಕೂತ್ಕೊಬೋದು, ಮೈಭಾರ ಮಣಿಕಟ್ಟಿನ ಮೇಲೆ ಬೀಳಲ್ಲ. ಬ್ರೇಕ್ ಒತ್ತಿ ನೋಡಿ.”

ಒತ್ತಿದೆ. ಎರಡು ಬೆರಳಿಗೇ ಬೆಣ್ಣೆಯ ಹಾಗೆ ಬಂತು. ಅಗಲವಾದ ಸೀಟು, ಏರಿಗೆ ಹಗುರಾಗುವ ಮೂರು ಗೇರು. ಅಕ್ಕ ಅದರ ಮೇಲೆ ಕುಳಿತಿರುವುದು ನನ್ನ ಕಣ್ಣಿಗೆ ಕಟ್ಟಿತು. ಎಪ್ಪತ್ತು ವರ್ಷದವರೆಗೂ ಇವಳು ಹೀಗೇ ಹೋಗುತ್ತಿರುತ್ತಾಳೆ ಎಂದುಕೊಂಡೆ. ಹಾಗೆ ಅಂದುಕೊಂಡದ್ದೇ ಬ್ರೇಕಿನಿಂದ ಕೈ ತೆಗೆದೆ. ಅವಳಿಗಾಗ ಅರವತ್ತೊಂದು. ಇನ್ನೂ ಒಂಬತ್ತು ವರ್ಷ ಆ ಮಧ್ಯಾಹ್ನಗಳು —

ಪಕ್ಕದಲ್ಲಿ ಒಂದು ಕೆಂಪು ಸೈಕಲ್ ಇತ್ತು. ನೇರ ಹ್ಯಾಂಡಲ್, ಬಗ್ಗಿ ಹಿಡಿಯಬೇಕು. ದಪ್ಪ ಟೈರು, ಎತ್ತರದ ಕಂಬಿ, ಕಿರಿದಾದ ಸೀಟು. ಬ್ರೇಕು ನನ್ನ ಕೈಗೇ ಗಟ್ಟಿ.

“ಇದು ಕೊಡಿ” ಎಂದೆ.

“ಅದು ಆಯಮ್ಮನಿಗೆ ಆಗಲ್ಲ” ಎಂದರು ಇನಾಯತ್ ಸಾಬರು. “ಒಂದು ವಾರದಲ್ಲಿ ಕೈ ಊದ್ಕೊಳ್ಳತ್ತೆ.”

“ಅವ್ರಿಗೆ ಇದೇ ಬೇಕಂತೆ. ಎಲ್ಲೋ ನೋಡಿದಾರೆ. ಇದನ್ನೇ ತಗೊಂಡ್ ಬಾ ಅಂದಿದಾರೆ.”

ಅವರು ಸೀಟನ್ನು ಆದಷ್ಟು ತಗ್ಗಿಸಿ, ಹ್ಯಾಂಡಲನ್ನು ಆದಷ್ಟು ಎತ್ತರಿಸಿ ಕೊಟ್ಟರು.

ಮನೆಗೆ ಬಂದು ಅಕ್ಕನಿಗೆ ಹೇಳಿದೆ: “ಸಾಬ್ರೇ ಆರಿಸಿ ಕೊಟ್ಟಿದ್ದು. ಕೀಲುನೋವಿನೋರಿಗೆ ಇದಕ್ಕಿಂತ ಒಳ್ಳೇದು ಇಲ್ವಂತೆ.” ಒಂದೇ ದಿನ, ಎರಡು ಕಡೆ, ಎರಡು ಸುಳ್ಳು. ಎರಡೂ ಸಲೀಸಾಗಿ ಬಂದವು.

ಅಕ್ಕ ಹನ್ನೊಂದು ದಿನ ಪ್ರಯತ್ನಪಟ್ಟಳು. ನಾನು ಎಣಿಸಿದ್ದೇನೆ. ಕಾಲು ದಾಟಿಸಲು ಜಗಲಿಯ ಕಲ್ಲಿನ ಮೇಲೆ ನಿಂತು ಹತ್ತುತ್ತಿದ್ದಳು. ಸಂಜೆ ಬಂದವಳ ಮಣಿಕಟ್ಟು ಬಿಸಿಯಾಗಿರುತ್ತಿತ್ತು. ‘ಅಭ್ಯಾಸ ಆಗ್ಬೇಕು’ ಎನ್ನುತ್ತಿದ್ದಳು. ಹನ್ನೊಂದನೆಯ ದಿನ ಸೈಕಲ್ಲನ್ನು ತಳ್ಳಿಕೊಂಡು ನಡೆದೇ ಬಂದಳು. ಎಷ್ಟು ದೂರದಿಂದ ನಡೆದಳೋ ಹೇಳಲಿಲ್ಲ. ಗೋಡೆಗೆ ಒರಗಿಸಿ, ಅದರ ಸೀಟನ್ನು ಒಮ್ಮೆ ತಟ್ಟಿ ಅಂದಳು:

“ಸೈಕಲ್ಲಿನದೇನೂ ತಪ್ಪಿಲ್ಲ ಕಣೇ. ನಾನೇ ಮುಗ್ದೋದೆ.”

ಆಗ ಹೇಳಬಹುದಿತ್ತು. ಬಾಯಿ ತೆರೆದರೆ ಸಾಕಿತ್ತು. ನಾನು ಒಳಗೆ ಹೋಗಿ ಬಿಸಿನೀರು ತಂದು ಅವಳ ಕೈಗಳನ್ನು ಅದರಲ್ಲಿಟ್ಟೆ. ನನಗೆ ಸಂತೋಷವಾಗಿತ್ತು — ಇದನ್ನು ಬರೆಯದೆ ಬಿಟ್ಟರೆ ಉಳಿದದ್ದೆಲ್ಲ ಸುಳ್ಳಾಗುತ್ತದೆ. ನಾಳೆ ಮಧ್ಯಾಹ್ನ ಇಬ್ಬರೂ ಒಟ್ಟಿಗೆ ಉಣ್ಣುತ್ತೇವೆ ಎಂದುಕೊಂಡೆ.

ಒಟ್ಟಿಗೇ ಉಂಡೆವು, ನಾಲ್ಕು ವರ್ಷ. ಅವಳು ಎದುರಿಗೇ ಕೂರುತ್ತಿದ್ದಳು, ತಲೆ ತಗ್ಗಿಸಿ. ಬಸ್ಸಿನಲ್ಲಿ ಎರಡು ಸಲ ಹೋಗಿ ನೋಡಿದಳು. ಆ ಮನೆಗಳು ರಸ್ತೆಯಿಂದ ಒಳಗೆ, ತೋಟಗಳ ಮಧ್ಯೆ. ನಡೆಯಲಾಗಲಿಲ್ಲ. ಆಟೋದಲ್ಲಿ ಕರೆದೊಯ್ಯುತ್ತೇವೆ ಎಂದ ನೆರೆಯವರಿಗೆ ‘ಬೇಡಪ್ಪ’ ಎಂದಳು. ತನ್ನಿಂದ ಯಾರಿಗೂ ತೊಂದರೆಯಾಗಬಾರದು ಅವಳಿಗೆ. ಫೋನು ಬಂದರೆ ‘ಬರೋಕಾಗಲ್ಲ’ ಎಂದಷ್ಟೇ ಹೇಳಿ ಇಡುತ್ತಿದ್ದಳು. ಯಾಕೆಂದು ಹೇಳಲು ನಾಚಿಕೆ. ಕ್ರಮೇಣ ಫೋನುಗಳೂ ನಿಂತವು. ಅವಳು ಟೀವಿ ನೋಡುವುದು ಕಲಿತಳು. ಹುಳುಗಳ ವಿಷಯ ಒಮ್ಮೆಯೂ ಎತ್ತಲಿಲ್ಲ. ಒಂದು ದಿನ ನಾನೇ ಕೇಳಿದೆ, ‘ಮುನಿರತ್ನಮ್ಮನ ಬೆಳೆ ಹೆಂಗಿದೆಯಂತೆ?’ ಅವಳು ನನ್ನನ್ನು ನೋಡಿದ ರೀತಿಗೆ ಮತ್ತೆಂದೂ ಕೇಳಲಿಲ್ಲ. ಒಬ್ಬಳೇ ಇದ್ದಾಗ ಸಂಜೆಗಾದರೂ ಕಾಯುತ್ತಿದ್ದೆ. ಈಗ ಕಾಯುವುದಕ್ಕೂ ಏನಿರಲಿಲ್ಲ.

ನಾನಾಗಿಯೇ ಒಂದು ದಿನ ಎಲ್ಲ ಹೇಳಿಕೊಂಡೆ ಎಂದು ಬರೆಯುವ ಆಸೆಯಾಗುತ್ತದೆ. ಹಾಗಾಗಲಿಲ್ಲ. ಸಿಕ್ಕಿಬಿದ್ದೆ.

ಕಳೆದ ವರ್ಷ ಚಿಕ್ಕಬಳ್ಳಾಪುರದಲ್ಲಿ ಮೂಳೆ ಡಾಕ್ಟರರಿಗೆ ತೋರಿಸಲು ಹೋಗಿದ್ದೆವು. ಅವರು ಮಾತಿನ ನಡುವೆ, “ಸೈಕಲ್ ತುಳೀತಿದ್ರಾ? ಯಾಕೆ ಬಿಟ್ರಿ? ಹೊಂದೋ ಸೈಕಲ್ಲಾದ್ರೆ ನಿಮ್ಮ ಮಂಡಿಗೆ ಒಳ್ಳೇದೇ ಇತ್ತು” ಎಂದರು. ಅಕ್ಕ ತಪ್ಪು ಮಾಡಿದ ಮಗುವಿನ ಹಾಗೆ ನೆಲ ನೋಡುತ್ತ, “ನನ್ ಕೈಲಾಗ್ಲಿಲ್ಲ ಸಾರ್” ಎಂದಳು. ಹೊರಗೆ ಬಂದವಳೇ, “ಸಾಬರ ಅಂಗಡಿ ಇಲ್ಲೇ ಅಲ್ವಾ? ಒಂದ್ಸಲ ಕೇಳೋಣ ನಡಿ” ಎಂದಳು. ನಾಲ್ಕು ವರ್ಷದಲ್ಲಿ ಮೊದಲ ಸಲ ಅವಳ ದನಿಯಲ್ಲಿ ಆಸೆಯಿತ್ತು. ಬಿಸಿಲು, ಬಸ್ಸಿಗೆ ಹೊತ್ತಾಯಿತು — ಏನೇನೋ ಅಂದೆ. ಕೇಳಲಿಲ್ಲ.

ಇನಾಯತ್ ಸಾಬರು ಅವಳನ್ನು ಕೂರಿಸಿ, ಮೆತ್ತನೆಯ ಬ್ರೇಕಿನ ಒಂದು ಸೈಕಲ್ ತಂದು ಅವಳ ಕೈಯನ್ನು ತಾವೇ ಅದರ ಮೇಲಿಟ್ಟರು. ಅಕ್ಕ ಒತ್ತಿದಳು. ಬೆರಳುಗಳು ಅರ್ಧಕ್ಕೆ ನಿಂತವು. ಎರಡೂ ಕೈ ಸೇರಿಸಿದಳು. ಆಗಲಿಲ್ಲ.

“ಆವಾಗ್ಲೇ ಆ ಬೂದು ಬಣ್ಣದ್ದು ತಗೊಂಡಿದ್ರೆ ಚೆನ್ನಾಗಿತ್ತಮ್ಮ” ಎಂದರು ಸಾಬರು, ಬೇಸರದಲ್ಲಿ. “ಕೆಂಪುದು ಬೇಡ ಅಂತ ನಾನು ಹೇಳ್ದೆ. ನಿಮಗೆ ಅದೇ ಬೇಕು ಅಂತ ಇವ್ರು ಅಂದ್ರು.”

ಅಕ್ಕ ನನ್ನ ಕಡೆ ತಿರುಗಲಿಲ್ಲ. ಬ್ರೇಕಿನ ಮೇಲಿನ ಕೈಯನ್ನು ನಿಧಾನವಾಗಿ ತೆಗೆದುಕೊಂಡಳು. “ಹೌದು ಸಾಬ್ರೇ, ನಾನೇ ಹೇಳಿ ಕಳಿಸಿದ್ದೆ. ನನ್ನದೇ ತಪ್ಪು” ಎಂದಳು. ಪರರ ಮುಂದೆ ನನ್ನನ್ನು ಬಿಟ್ಟುಕೊಡಲಿಲ್ಲ. ಬೈದಿದ್ದರೆ ತಡೆದುಕೊಳ್ಳುತ್ತಿದ್ದೆನೇನೋ.

ಬಸ್ ನಿಲ್ದಾಣದ ಕಲ್ಲುಬೆಂಚಿನ ಮೇಲೆ ಕೂತು ಕೇಳಿದಳು, “ಯಾಕೆ?”

“ಮನೇಲಿ ಒಬ್ಳೇ ಇರೋಕಾಗ್ತಿರ್ಲಿಲ್ಲ ಅಕ್ಕ.”

ಎರಡು ಬಸ್ಸುಗಳು ಬಂದು ಹೋದವು. “ಅದನ್ನ ಹೇಳಿದ್ರೆ ಮಧ್ಯಾಹ್ನ ಊಟಕ್ಕೆ ಬಂದು ಹೋಗ್ತಿದ್ದೆ” ಎಂದಳು. “ನಾಲ್ಕು ವರ್ಷ ಈ ಕೈಗಳನ್ನ ಬೈಕೊಂಡು ಕೂತಿದ್ದೀನಿ ವನಜಾ.” ಮುಂದಿನ ಬಸ್ಸು ಬಂದಾಗ ಏಳುತ್ತ ಅಂದಳು: “ನಂಗೇನೂ ಹೇಳ್ಬೇಡ. ಆ ಮನೆಯೋರಿಗೆಲ್ಲ ಹೋಗಿ ಹೇಳು, ನಾನು ಯಾಕೆ ಬರ್ಲಿಲ್ಲ ಅಂತ.”

ಇದಾಗಿ ವರ್ಷವಾಗುತ್ತ ಬಂತು. ಮೊದಲ ಮನೆಗೆ ಹೋಗಲು ಧೈರ್ಯ ಬಂದದ್ದು ಕಳೆದ ತಿಂಗಳು. ಬಸ್ಸಿಳಿದು ನಡೆದೇ ಹೋಗುತ್ತೇನೆ. ಆ ಮೊದಲ ಮನೆಯ ಮುನಿರತ್ನಮ್ಮ “ರಾಮ್ಮಾ, ಕೂಚೋ” ಎಂದು ತೆಲುಗಿನಲ್ಲೇ ಕರೆದು ಚಾಪೆ ಹಾಕಿದಳು. ಎಲ್ಲ ಹೇಳಿದೆ. ಸೊಪ್ಪು ಕತ್ತರಿಸುತ್ತಿದ್ದ ಅವಳ ಕೈ ನಿಂತಿತು.

“ಆ ವರ್ಷ ನಮ್ಮ ಹುಳ ಪೂರ್ತಿ ಹೋಯ್ತು. ಫೋನ್ ಮಾಡಿದ್ರೆ ಬರೋಕಾಗಲ್ಲ ಅಂದು ಇಟ್ಬಿಟ್ರು. ರಿಟೈರ್ ಆದ್ಮೇಲೆ ನಾವು ಬೇಡ ಆಗ್ಬಿಟ್ವಿ ಅಂತ ನಮ್ಮತ್ತೆ ಅತ್ಲು. ಸಾಯೋವರ್ಗೂ ಅದನ್ನೇ ಅಂತಿದ್ಲು.”

ಅಷ್ಟು ಹೇಳಿ ಹುಳುಮನೆಯೊಳಗೆ ಹೋದಳು. ಮತ್ತೆ ಹೊರಗೆ ಬರಲಿಲ್ಲ. ನಾನು ಚಾಪೆ ಸುತ್ತಿಟ್ಟು ಎದ್ದು ಬಂದೆ.

ಅಕ್ಕ ನಮ್ಮ ಮನೆಯಲ್ಲೇ ಇದ್ದಾಳೆ. ಊಟ ಬಡಿಸಿದರೆ ಉಣ್ಣುತ್ತಾಳೆ, ಮಾತ್ರೆ ಕೊಟ್ಟರೆ ನುಂಗುತ್ತಾಳೆ. ನನ್ನನ್ನು ಕ್ಷಮಿಸಿಲ್ಲ, ಕ್ಷಮಿಸು ಎಂದು ನಾನೂ ಕೇಳಿಲ್ಲ, ಕೇಳುವುದೂ ಇಲ್ಲ. ನಾನು ಹಿಂತಿರುಗಿದ ದಿನ ಮಾತ್ರ ಒಂದು ಪ್ರಶ್ನೆ ಕೇಳುತ್ತಾಳೆ. ನಿನ್ನೆಯೂ ಕೇಳಿದಳು.

“ಎಷ್ಟು ಮನೆ ಆಯ್ತು?”

“ಐದು.”

“ಹೂಂ” ಎಂದು ಗೋಡೆಯ ಕಡೆ ತಿರುಗಿಕೊಂಡಳು.

ಇನ್ನೂ ಹನ್ನೆರಡು ಮನೆಗಳಿವೆ. ನಾಳೆ ಏಳರ ಬಸ್ಸಿಗೆ ಹೊರಡುತ್ತೇನೆ.