ಹುಣಸೆಮರದಿಂದ ಹಳ್ಳದವರೆಗೆ

ಮಂಡಲ ಪಂಚಾಯ್ತಿ ಅಂದರೆ ಈಗಿನವರು ಮುಖ ಮುಖ ನೋಡುತ್ತಾರೆ. ಈಗಿನ ಗ್ರಾಮ ಪಂಚಾಯ್ತಿಗಳು ಬರುವ ಮುಂಚೆ ಕೆಲವೇ ವರ್ಷ ಇದ್ದು ಹೋದ ವ್ಯವಸ್ಥೆ ಅದು. ಹತ್ತಾರು ಹಳ್ಳಿ ಸೇರಿದರೆ ಒಂದು ಮಂಡಲ, ಅದಕ್ಕೊಬ್ಬ ಪ್ರಧಾನ. ಮಧುಗಿರಿಯಿಂದ ಶಿರಾ ಕಡೆ ಹೋಗುವ ರಸ್ತೆ ಬದಿಯ ಅಂಥದ್ದೊಂದು ಮಂಡಲದಲ್ಲಿ ನಾನು ಗುಮಾಸ್ತನಾಗಿದ್ದೆ. ಶಾಲೆಯ ಹಳೇ ಕೊಠಡಿಯೇ ಕಚೇರಿ. ಎಂಟು ಕುರ್ಚಿ, ಒಂದು ಬೀರು. ಕುರ್ಚಿ ಸಿಗದವರಿಗೆ ಜಮಖಾನ. ನನ್ನ ಅಕ್ಷರ ಮುತ್ತಿನಂತಿದೆ ಅಂತ ಪ್ರಧಾನರು ಬಂದಬಂದವರಿಗೆಲ್ಲ ಸಭೆಯ ನಡಾವಳಿ ಪುಸ್ತಕ ತೋರಿಸುತ್ತಿದ್ದರು. ನಾನೂ ಬೀಗುತ್ತಿದ್ದೆ. ಅಯ್ಯೋ, ನನ್ನ ಬುದ್ಧಿಗಿಷ್ಟು ಬೆಂಕಿ ಬೀಳ!

ಆ ಮಂಡಲಕ್ಕೆ ಹೆಂಗಸರ ಮೀಸಲಿನಲ್ಲಿ ಗೆದ್ದು ಬಂದಿದ್ದವರಲ್ಲಿ ಒಬ್ಬಳು ಪಕ್ಕದ ಹಟ್ಟಿಯವಳು. ನನಗಿಂತ ಏಳೆಂಟು ವರ್ಷ ದೊಡ್ಡವಳು, ನಾನು ಅಕ್ಕ ಅನ್ನುತ್ತಿದ್ದೆ. ಅವಳಿಗೆ ಓದು ಬರಹ ಬರುತ್ತಿರಲಿಲ್ಲ. ಮೊದಲ ಎರಡು ಸಭೆಯಲ್ಲಿ ಸೆರಗು ಹೊದ್ದು ಬಾಗಿಲ ಪಕ್ಕ ಕೂತು ಹೋದಳು. ಮೂರನೆಯ ಸಭೆಯಲ್ಲಿ ಎದ್ದು ನಿಂತಳು.

"ನಮ್ಮ ಹಟ್ಟಿಯೋರಿಗೆ ಹೆಣ ಹೂಳಾಕೆ ಜಾಗ ಇಲ್ಲ ಸ್ವಾಮಿ. ಆ ಹುಣಸೆಮರದ ತಾವ ಹೂಳ್ತೀವಿ. ಹೂಳಾಕೆ ಹೋದಾಗ್ಲೆಲ್ಲ ಪಕ್ಕದ ಹೊಲದೋರು ಬಂದು ಜಗಳ ತೆಗೀತಾರೆ. ನನ್ ಮಗೀನ ಹೊತ್ಕೊಂಡು ಹೋದಾಗ್ಲೂ ಅಂಗೇ ಮಾಡಿದ್ರು. ನಾಕು ವರ್ಷದ ಮಗಾ ಸ್ವಾಮಿ, ಕೈಯಾಗೆ ಇಟ್ಕೊಂಡು ಬೆಳಗಿಂದ ಮಧ್ಯಾಹ್ನದಗಂಟ ನಿಂತಿದ್ದೆ."

ಆ ಜಾಗವನ್ನು ಹಟ್ಟಿಯ ಸ್ಮಶಾನಕ್ಕೆ ಬಿಡಬೇಕೆಂದು ಒಮ್ಮತದಿಂದ ತೀರ್ಮಾನವಾಯಿತು. ಗ್ರಾಮಲೆಕ್ಕಿಗ ಅವತ್ತು ಬಂದಿರಲಿಲ್ಲ. ಸರ್ವೆ ನಂಬರ್ ಏನು ಬರೆಯಲಿ ಅಂತ ಪ್ರಧಾನರನ್ನು ಕೇಳಿದೆ.

"ನಂಬರ್ ಯಾಕ್ಲಾ? ಊರಿಗೆಲ್ಲ ಗೊತ್ತಿರೋ ಜಾಗ. ಹುಣಸೆಮರದಿಂದ ಹಳ್ಳದವರೆಗೆ ಅಂತ ಬರಿ" ಅಂದರು.

ನಮ್ಮ ಕಡೆ ಜಮೀನು ಹೇಳುವುದೇ ಹಾಗೆ. ಆದರೂ ನಾನು ಗುಮಾಸ್ತ. ನಂಬರಿಗೆಂದು ಒಂದು ಗೇಣು ಜಾಗ ಖಾಲಿ ಬಿಟ್ಟು, ಮಾರನೆಯ ದಿನ ಕೇಳಿ ತುಂಬಿಸಬಹುದಿತ್ತು. ಅದು ನನಗೆ ಆಗಲೇ ಹೊಳೆದಿತ್ತು. ಖಾಲಿ ಬಿಟ್ಟರೆ ಪುಟದ ಅಂದ ಕೆಡುತ್ತದೆ ಅಂತ ಬಿಡಲಿಲ್ಲ. ಮರದಿಂದ ಹಳ್ಳದವರೆಗೆ ಅಂತ ಗುಂಡಗೆ ಬರೆದು ಕೆಳಗೆ ಗೆರೆ ಎಳೆದೆ. ಅವಳು ಹೆಬ್ಬೆಟ್ಟು ಒತ್ತಿದಳು. ಹೊರಡುವಾಗ "ಸೆಕ್ರೆಟ್ರಿ, ಸಂದಾಗಿ ಬರ್ದಿದೀಯ ತಾನೆ?" ಅಂದಳು. ನಾನು ಬರೀ ಗುಮಾಸ್ತ, ಅವಳ ಬಾಯಲ್ಲಿ ಮಾತ್ರ ಸೆಕ್ರೆಟ್ರಿ.

ಆಮೇಲೆ ಸರ್ಕಾರ ಮಂಡಲಗಳನ್ನೇ ತೆಗೆದುಹಾಕಿ ಚಿಕ್ಕ ಚಿಕ್ಕ ಗ್ರಾಮ ಪಂಚಾಯ್ತಿ ಮಾಡಿತು. ಕೊನೆಯ ದಿನ ನಮ್ಮ ಕಚೇರಿಯಲ್ಲಿ ಅಣ್ಣತಮ್ಮಂದಿರು ಪಾಲಾದ ಹಾಗೇ ಆಯಿತು. ಕುರ್ಚಿಗಳನ್ನು ಹೊಸ ಪಂಚಾಯ್ತಿಗೆ ಎರಡರಂತೆ ಹೊತ್ತುಕೊಂಡು ಹೋದರು. ಬೀರು ಒಂದು ಊರಿಗೆ ಹೋಯಿತು, ಅದರ ಬೀಗದ ಕೈ ಪ್ರಧಾನರ ಜೇಬಿನಲ್ಲೇ ಉಳಿಯಿತು. ಪುಸ್ತಕಗಳು ಮಾತ್ರ ಯಾರಿಗೂ ಬೇಡವಾಗಿದ್ದವು. ಗೋಣಿಚೀಲಕ್ಕೆ ತುಂಬಿ ತಾಲ್ಲೂಕು ಕಚೇರಿಗೆ ನಾನೇ ಹಾಕಿ ಬಂದೆ. ಹಟ್ಟಿ ಒಂದು ಪಂಚಾಯ್ತಿಗೆ ಸೇರಿತು, ಹಳ್ಳದಾಚೆಯ ಹುಣಸೆಮರ ಇನ್ನೊಂದಕ್ಕೆ. ಅದನ್ನು ಯಾರೂ ದೊಡ್ಡದಾಗಿ ತಗೊಳ್ಳಲಿಲ್ಲ, ನಾನೂ ಸಹ. ನನಗೆ ಕೊರಟಗೆರೆ ಕಡೆ ವರ್ಗವಾಯಿತು. ಸರ್ವೀಸು ಮುಗಿಸಿ ಮಧುಗಿರಿಗೆ ಬಂದು ಕೂತೆ.

ಕಳೆದ ವರ್ಷ ಆ ಅಕ್ಕನ ಮಗ ಹುಡುಕಿಕೊಂಡು ಬಂದ. ಐವತ್ತರ ಹತ್ತಿರದ ಗಂಡಸು, ಆ ನಾಲ್ಕು ವರ್ಷದ ಮಗಳು ಸತ್ತ ಮೇಲೆ ಹುಟ್ಟಿದವನು. ರಸ್ತೆ ಅಗಲ ಮಾಡುವಾಗ ಹುಣಸೆಮರ ಹೋಯಿತಂತೆ. ಜೆಸಿಬಿ ತಂದು ನೆಲವನ್ನೆಲ್ಲ ಮಟ್ಟ ಮಾಡಿದ್ದಾರಂತೆ, ತಲೆಗಲ್ಲು ಒಂದೂ ಉಳಿದಿಲ್ಲವಂತೆ. ಮರ ಸೇರಿದ್ದ ಪಂಚಾಯ್ತಿಯವರು ಈಗ ಅಲ್ಲಿ ಕಸ ಬೇರ್ಪಡಿಸುವ ಶೆಡ್ ಕಟ್ಟುತ್ತಾರಂತೆ.

"ಅವ್ವ ಹಾಸಿಗೆ ಹಿಡಿದವ್ಳೆ. ಮಗಳ ಪಕ್ಕದಾಗೇ ಹೂಳ್ಬೇಕು ಅಂತ ಒಂದೇ ಹಟ. ಸೆಕ್ರೆಟ್ರಿ ಬರ್ದವ್ನೆ, ಬುಕ್ಕಾಗೈತೆ ಹೋಗು ಅಂತವ್ಳೆ ಅಣ್ಣ" ಅಂದ.

ತಾಲ್ಲೂಕು ಕಚೇರಿಯ ರೆಕಾರ್ಡ್ ರೂಮಿನಲ್ಲಿ ಮೂರು ದಿನ ಧೂಳು ಕುಡಿದೆ. ಪುಸ್ತಕ ಸಿಕ್ಕಿತು. ಒಂದಕ್ಷರ ಮಾಸಿರಲಿಲ್ಲ. ಅದರ ನಕಲು ತೆಗೆಸಿ, ಕಳ್ಳ ಹಿಡಿದ ಪೊಲೀಸಿನವನ ಹಾಗೆ ಎದೆಯುಬ್ಬಿಸಿಕೊಂಡು ಆ ಪಂಚಾಯ್ತಿಗೆ ಹೋದೆ. ಪಿಡಿಒ ಚಿಕ್ಕ ವಯಸ್ಸಿನ ಹೆಣ್ಣುಮಗಳು. ಕುರ್ಚಿ ಕೊಟ್ಟಳು, ಟೀ ತರಿಸಿದಳು, ಎರಡು ಸಲ ಓದಿದಳು.

"ಸರ್ವೆ ನಂಬರ್ ಒಂದಿದ್ದಿದ್ರೆ ನಾನೇ ತಹಸೀಲ್ದಾರರ ಹತ್ರ ಹೋಗ್ತಿದ್ದೆ ಸರ್. ಇದರಲ್ಲಿ ನಾಲ್ಕು ದಿಕ್ಕಿನ ಚಕ್ಕುಬಂದಿನೇ ಇಲ್ವಲ್ಲ. ಯಾವ ಹುಣಸೆಮರ ಸರ್? ಯಾರು ಬರೆದಿದ್ದು ಇದನ್ನ?"

ನಾನೇ ಅನ್ನಲು ಬಾಯಿ ಬರಲಿಲ್ಲ. ಹಳೇ ಕಾಲದವರು ಯಾರೋ ಅಂದೆ.

ಅಲ್ಲಿಂದ ಸೀದಾ ಹಟ್ಟಿಗೆ ಹೋದೆ, ನಿಜ ಹೇಳಿಬಿಡೋಣ ಅಂತಲೇ ಹೋಗಿದ್ದು. ಅಕ್ಕ ಮಂಚದ ಮೇಲೆ ಒಂದು ಹಿಡಿಯಾಗಿದ್ದಳು. ನನ್ನ ದನಿ ಕೇಳಿದ್ದೇ ಎದ್ದು ಕೂತಳು. "ಓದಪ್ಪ ಸೆಕ್ರೆಟ್ರಿ" ಅಂದಳು. ಓದಿದೆ. "ಸದರಿ ಹುಣಸೆಮರದಿಂದ ಹಳ್ಳದವರೆಗೆ" ಅಂತ ಬಂದಾಗ ಮತ್ತೆ ಓದು ಅಂದಳು. ಮತ್ತೆ ಓದಿದೆ.

"ನೋಡ್ಲಾ," ಅಂತ ಮಗನ ಕಡೆ ತಿರುಗಿದಳು, "ಎಂಗೆ ಬರ್ದವ್ನೆ! ಯಾವನು ಅಳ್ಳಾಡ್ಸ್ತಾನೆ ಇದನ್ನ?"

ಆ ಕಾಗದವನ್ನು ದಿಂಬಿನ ಕೆಳಗೆ ಇಡಿಸಿಕೊಂಡಳು. ಕೆಲಸ ಆಯ್ತಾ ಅಂತ ಅವಳು ಕೇಳಲಿಲ್ಲ. ಆಗಿಲ್ಲ ಅಂತ ನಾನು ಹೇಳಲಿಲ್ಲ.

ಎಂಟು ದಿನಕ್ಕೆ ಹೋಗಿಬಿಟ್ಟಳು. ಹಟ್ಟಿಯವರು ಯಾರ ಮಾತೂ ಕೇಳದೆ ಹೆಣವನ್ನು ಸೀದಾ ಅಲ್ಲಿಗೇ ಹೊತ್ತುಕೊಂಡು ಹೋದರು, ನಾನೂ ಜೊತೆಗಿದ್ದೆ. ಆ ಪಂಚಾಯ್ತಿಯ ಅಧ್ಯಕ್ಷ ಓಡಿ ಬಂದ. ಜಗಳ ಆಗುತ್ತದೆ ಅಂದುಕೊಂಡೆ, ಆಗಲಿಲ್ಲ. ಮಗಳ ಪಕ್ಕ ಹೂಳಬೇಕೆಂಬ ಅವಳ ಹಟ ಕೇಳಿ, ಹೆಣದ ಮುಖ ನೋಡಿ ಅವನು ಚಪ್ಪಲಿ ಬಿಟ್ಟ.

"ಆಯ್ತು, ಇದೊಂದ್ಸಲ ಮಣ್ಣು ಮಾಡ್ಕಳ್ಳಿ. ಮಗೀನ ಗುಂಡಿ ಎಲ್ಲಿತ್ತು ಅಂತ ತೋರ್ಸಿ, ಅಷ್ಟು ಜಾಗ ಬಿಟ್ಟು ಶೆಡ್ ಕಟ್ತೀವಿ. ಮುಂದೆ ಬ್ಯಾಡ."

ಎಲ್ಲರೂ ನನ್ನ ಮುಖ ನೋಡಿದರು. ಆ ಮಗುವನ್ನು ಹೂಳಿದವರಲ್ಲಿ ಒಬ್ಬರೂ ಉಳಿದಿರಲಿಲ್ಲ. ಮರದ ಬುಡಕ್ಕೆ ಎರಡೇ ಮಾರು ಅಂತ ಅಕ್ಕ ಸಾವಿರ ಸಲ ಹೇಳಿದ್ದಳಂತೆ. ಮರ ಎಲ್ಲಿತ್ತು ಅಂದರೆ ಹಟ್ಟಿಯವರು ಒಬ್ಬೊಬ್ಬರು ಒಂದೊಂದು ಕಡೆ ಕೈ ತೋರಿಸಿದರು, ಅದನ್ನು ಬರೆದವನು ನಾನೊಬ್ಬನೇ ಬದುಕಿದ್ದೆ. ಅಲ್ಲಿ ನೋಡಿದರೆ ಅಂಗೈ ಹಾಗೆ ಸಮ ಮಾಡಿದ ನೆಲ. ಹಳ್ಳದ ದಂಡೆಯನ್ನೂ ಕಲ್ಲು ಕಟ್ಟಿ ಪಕ್ಕಕ್ಕೆ ಸರಿಸಿದ್ದರು. ರಸ್ತೆ ಎಷ್ಟು ಮುಂದೆ ಬಂದಿದೆಯೋ ಅದೂ ತಿಳಿಯಲಿಲ್ಲ. ಊರಿಗೆಲ್ಲ ಗೊತ್ತಿರುವ ಜಾಗ ಅಂತ ನಂಬಿ ಬರೆದಿದ್ದ ನನಗೇ ಗೊತ್ತಾಗಲಿಲ್ಲ.

"ಎಲ್ಲಣ್ಣ?" ಅಂದ ಮಗ.

ಗೊತ್ತಿಲ್ಲ ಅನ್ನಬೇಕಿತ್ತು. ಅವನ ಹೆಗಲ ಮೇಲೆ ಅವ್ವನಿದ್ದಳು. ನಾನು ನಾಲ್ಕು ಹೆಜ್ಜೆ ನಡೆದು, ಕಾಲಿನಿಂದ ಒಂದು ಗೆರೆ ಎಳೆದೆ.

ಗುಂಡಿ ತೋಡಿದರು. ಮೊಣಕಾಲುದ್ದ ಹೋದರೂ ಮಣ್ಣು ಬರಲಿಲ್ಲ, ಜಲ್ಲಿ ಬಂತು. ಆಮೇಲೆ ಕಿತ್ತ ಹಳೇ ರಸ್ತೆಯ ಡಾಂಬರಿನ ಹೆಂಟೆಗಳು ಬಂದವು. ಮಗ ಒಂದು ಹೆಂಟೆಯನ್ನು ಕೈಗೆತ್ತಿಕೊಂಡು ನೋಡಿದ. ಆಮೇಲೆ ನನ್ನನ್ನು ನೋಡಿದ.

"ಇಲ್ಲೇನಾ ಅಣ್ಣ, ನಮ್ಮಕ್ಕ ಇರೋದು?"

"ಹೂಂ ಕಣಪ್ಪ," ಅಂದೆ. "ಇಲ್ಲೇ."